ಇರುವೆ ಮುತ್ತಿದ ಬಟ್ಟೆ

ಕೇಳುಗರಿಗೆ ನಮಸ್ಕಾರ.

ಮಂಡ್ಯ ಸೀಮೆಯ ಅಜ್ಜಿಯೊಬ್ಬರು ಹನ್ನೊಂದು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದು, "ಡಾಕ್ಟ್ರೇ, ಈ ಮಗೀನ ಉಚ್ಚೆ ಬಟ್ಟೆಗೆ ಇರುವೆ ಮುತ್ಕತವೆ" ಎಂದರು. ನೀರಿನ ಲೋಟ ಕಂಡರೆ ಸಾಕು, ಮಗು ಕೈಚಾಚುತ್ತಿತ್ತು. ತೂಕ ಆರೇ ಕೆಜಿ. ಬಾಲಗ್ರಹವೆಂದು ತಾಯತ ಕಟ್ಟಿಸಿದ್ದರು.

ಮೂತ್ರದಲ್ಲಿ ಸಕ್ಕರೆ ಇತ್ತು, ರಕ್ತದಲ್ಲಿ ಹೆಚ್ಚಿರಲಿಲ್ಲ. ಅಂದರೆ ಅದು ಸಕ್ಕರೆ ಕಾಯಿಲೆಯಲ್ಲ, ಮೂತ್ರಪಿಂಡ ಸೋರುತ್ತಿದೆ. ಸಕ್ಕರೆಯ ಜೊತೆಗೆ ಉಪ್ಪು, ಪೊಟ್ಯಾಶಿಯಂ, ರಂಜಕವೂ ಹರಿದುಹೋಗುತ್ತವೆ, ಮೂಳೆ ಬಾಗುತ್ತದೆ. ಹೀಗಾಗಲು ಕಾರಣಗಳು ಹಲವು. ಈ ಮಗುವಿಗೆ ಇದ್ದದ್ದು ಸಿಸ್ಟಿನೋಸಿಸ್. ಒಂದರಿಂದ ಎರಡು ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು.

ಜೀವಕೋಶದೊಳಗೆ ಸಿಸ್ಟೀನ್ ಎಂಬ ವಸ್ತು ಹೊರಹೋಗುವ ಬಾಗಿಲೊಂದಿದೆ. ಆ ಬಾಗಿಲು ಕೆಟ್ಟರೆ ಅದು ಒಳಗೇ ಹರಳುಗಟ್ಟುತ್ತದೆ, ಮೊದಲು ಮೂತ್ರಪಿಂಡದಲ್ಲಿ, ಆಮೇಲೆ ಕಣ್ಣಿನಲ್ಲೂ. ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಹತ್ತು ವರ್ಷದೊಳಗೆ ಮೂತ್ರಪಿಂಡ ಸೋಲುತ್ತದೆ. ಅಮೆರಿಕದಲ್ಲಿ 1994ರಲ್ಲಿ ಮಾನ್ಯತೆ ಪಡೆದ ಸಿಸ್ಟಿಯಮೈನ್ ಎಂಬ ಔಷಧ ಮಾಡುವ ಕೆಲಸ ನನಗೆ ಇಂದಿಗೂ ಬೆರಗು: ಸಿಸ್ಟೀನಿನ ರೂಪ ಬದಲಿಸಿ, ಇನ್ನೊಂದು ಬಾಗಿಲಿನಿಂದ ಅದನ್ನು ಹೊರಗೆ ಕಳಿಸುತ್ತದೆ. ಔಷಧ ಬೇಗ ಶುರುವಾದಷ್ಟೂ ಮೂತ್ರಪಿಂಡ ಹೆಚ್ಚು ವರ್ಷ ಉಳಿಯುತ್ತದೆ. ಕಣ್ಣಿಗೆ ಬೇರೆಯೇ ಹನಿ ಹಾಕಬೇಕು. ಕಳೆದುಹೋದ ಲವಣಗಳನ್ನೂ ವಿಟಮಿನ್ ಡಿಯನ್ನೂ ದಿನವೂ ತುಂಬಿಕೊಡಬೇಕು.

ಅಮ್ಮಂದಿರೇ, ಒಂದು ಮಾತು ಕೈಮುಗಿದು ಹೇಳುತ್ತೇನೆ. ಉಚ್ಚೆ ಜಾಸ್ತಿಯಾಯಿತೆಂದು ಇಂಥ ಮಗುವಿಗೆ ನೀರು ಕಡಿಮೆ ಮಾಡಬೇಡಿ. ಒಂದು ದಿನದ ವಾಂತಿಭೇದಿಯೂ ಅದನ್ನು ಒಣಗಿಸಿಬಿಡುತ್ತದೆ. ಮಗು ವಿಪರೀತ ನೀರು ಕುಡಿಯುತ್ತಾ ತೂಕ ಏರದಿದ್ದರೆ ಮೂತ್ರವನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮೂತ್ರ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.

ಆ ಮಗುವಿನ ತಾಯಿ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಇದು ರೂಢಿ. ದೋಷವಿರುವ ಜೀನ್ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. "ಸೊಸೆಯ ಕಾಲ್ಗುಣ" ಎಂದವರಿಗೆ ಇದನ್ನೇ ಬಿಡಿಸಿ ಹೇಳಿದೆ: ಜೀನ್ ಬಂದದ್ದು ಇಬ್ಬರಿಂದಲೂ.

ಔಷಧ ದುಬಾರಿ, ಕೆಟ್ಟ ವಾಸನೆ ಬೇರೆ. ಆರು ಗಂಟೆಗೊಮ್ಮೆ, ತಪ್ಪದೆ ಕೊಡಬೇಕು. ಅಜ್ಜಿ ನನ್ನನ್ನು ಕೇಳಿದ್ದು ಒಂದೇ: "ನಡುರಾತ್ರೀಲೂ ಏಳುಸ್ಬೇಕಾ?" ಹೌದು ಎಂದೆ. "ಹಂಗಾದ್ರೆ ಮಗ ನನ್ ಪಕ್ಕ ಮಲೀಕಳ್ಳಿ, ನಂಗೆ ನಿದ್ದೆ ಕಮ್ಮಿ" ಎಂದರು.