ಪಾಂಪೇಯಿಂದ ಬದುಕಿ ಬಂದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ಒಂದು ಟಿ.ವಿ. ಧಾರಾವಾಹಿಯಿಂದ ಶುರು ಮಾಡುತ್ತೇನೆ. ಬಿ.ಬಿ.ಸಿ.ಯವರ ‘ಡಾಕ್ಟರ್ ಹೂ’ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬೇಕು. ಗೊತ್ತಿಲ್ಲದವರು ಮನೆಯ ಮಕ್ಕಳನ್ನು ಕೇಳಿ, ಅವರು ಹೇಳುತ್ತಾರೆ. ಡಾಕ್ಟರ್ ಅಂತ ಒಬ್ಬ ಅಲೆಮಾರಿ. ನೀಲಿ ಬಣ್ಣದ ಒಂದು ಪೆಟ್ಟಿಗೆ ಹತ್ತಿ ಯಾವ ಕಾಲಕ್ಕೆ ಬೇಕಾದರೂ ಹೋಗುತ್ತಾನೆ. 2008ರ ಏಪ್ರಿಲ್‌ನಲ್ಲಿ ಬಂದ ಒಂದು ಕಂತಿನಲ್ಲಿ ಅವನೂ ಅವನ ಜೊತೆಗಾತಿ ಡೊನ್ನಾಳೂ ಪ್ರಾಚೀನ ರೋಮ್ ನಗರ ಅಂದುಕೊಂಡು ಇಳಿಯುತ್ತಾರೆ. ಕಾಲಡಿಯ ನೆಲ ನಡುಗುತ್ತದೆ. ತಲೆ ಎತ್ತಿ ನೋಡಿದರೆ ಹೊಗೆಯಾಡುವ ಬೆಟ್ಟ. ಅದು ರೋಮ್ ಅಲ್ಲ, ಇಟಲಿಯದೇ ಇನ್ನೊಂದು ಊರು, ಪಾಂಪೇ. ಇಸವಿ ಕ್ರಿ.ಶ. 79. ಆ ಬೆಟ್ಟ, ಅಂದರೆ ವೆಸೂವಿಯಸ್ ಜ್ವಾಲಾಮುಖಿ, ಸಿಡಿಯುವುದಕ್ಕೆ ಉಳಿದಿರುವುದು ಒಂದೇ ದಿನ.

ಬೆಟ್ಟದ ಹೊಟ್ಟೆಯಲ್ಲಿ ಬೆಂಕಿ ಮೈಯ ರಾಕ್ಷಸರಿದ್ದಾರೆ ಎಂಬುದೆಲ್ಲ ಕಥೆ. ಅದನ್ನು ಅಲ್ಲಿಗೇ ಬಿಡೋಣ. ನನ್ನ ಮನಸ್ಸಿಗೆ ನಾಟಿದ್ದು ಡೊನ್ನಾಳ ಹಟ. ಜನಕ್ಕೆ ಹೇಳೋಣ, ಎಲ್ಲರನ್ನೂ ಹೊರಡಿಸೋಣ ಅನ್ನುತ್ತಾಳೆ. ಆಗದು, ಇದು ನಡೆದೇ ತೀರಬೇಕಾದ ಘಟನೆ ಅನ್ನುತ್ತಾನೆ ಡಾಕ್ಟರ್. ಕೊನೆಗೆ ಅವಳು ಅತ್ತು ಬೇಡಿಕೊಳ್ಳುತ್ತಾಳೆ: ಇಡೀ ಊರು ಬೇಡ, ಯಾರನ್ನಾದರೂ ಉಳಿಸು. ಅವನು ಹಿಂದಿರುಗಿ ಕೈಕಿಲಿಯಸ್ ಎಂಬವನನ್ನೂ, ಅವನ ಹೆಂಡತಿ, ಮಗ, ಮಗಳನ್ನೂ ಕೈಚಾಚಿ ಕರೆದುಕೊಂಡು ಹೋಗುತ್ತಾನೆ. ಕೈಕಿಲಿಯಸ್ ಎಂಬ ಹೆಸರಿನವನೊಬ್ಬ ಪಾಂಪೇಯಲ್ಲಿ ನಿಜವಾಗಿಯೂ ಇದ್ದ. ಹರಾಜು, ಲೇವಾದೇವಿ ಅವನ ಕಸುಬು. ಅವನ ಲೆಕ್ಕಪತ್ರದ 154 ಮರದ ಹಲಗೆಗಳು 1875ರಲ್ಲಿ ಸಿಕ್ಕಿವೆ.

ಕಂತು ಸೊಗಸಾಗಿದೆ, ನೋಡಿ. ಆದರೆ ಒಂದು ಮಾತನ್ನು ನಾನು ತಿದ್ದಲೇಬೇಕು. ಇಪ್ಪತ್ತು ಸಾವಿರ ಜನ ಸತ್ತರು, ನಾಲ್ವರು ಉಳಿದರು ಎಂಬ ಭಾವ ಅದರಲ್ಲಿದೆ. ಹಾಗಲ್ಲ. ಪಾಂಪೇಯ ಜನ ತಪ್ಪಿಸಿಕೊಂಡರು. ಒಬ್ಬಿಬ್ಬರಲ್ಲ, ಸಾವಿರಾರು ಜನ. ಹೊರಟವರಲ್ಲಿ ಎಷ್ಟೋ ಜನ ಬದುಕಿದರು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದೇ ಸಂಗತಿ.

“ಒಂದೇ ಕ್ಷಣದಲ್ಲಿ ಊರಿಗೆ ಊರೇ ಬೂದಿಯಾಯಿತು” ಎಂಬ ವಾಕ್ಯ ಕೇಳಿ ಕೇಳಿ ನನಗೆ ಸಾಕಾಗಿದೆ. ಕ್ಷಣವಲ್ಲ ಸ್ವಾಮಿ, ಹದಿನೆಂಟು ಗಂಟೆ! ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೆಟ್ಟ ಬಾಯಿಬಿಟ್ಟಿತು. ಮೊದಲು ಬಿದ್ದದ್ದು ನೊರೆಗಲ್ಲು, ಹಗುರವಾದ, ತೂತು ತೂತಾದ ಕಲ್ಲಿನ ಮಳೆ. ಸಂಜೆಯಾಯಿತು, ರಾತ್ರಿಯಾಯಿತು, ಕಲ್ಲು ಬೀಳುತ್ತಲೇ ಇತ್ತು. ಆಳೆತ್ತರ ಮೀರಿ ರಾಶಿಬಿತ್ತು, ಭಾರಕ್ಕೆ ಸೂರುಗಳು ಕುಸಿದವು. ಕೊಲ್ಲುವ ಬಿಸಿ ಅನಿಲ ಮತ್ತು ಬೂದಿಯ ಪ್ರವಾಹ ಪಾಂಪೇಯೊಳಗೆ ನುಗ್ಗಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಎಷ್ಟೋ ಜನ ಊರು ಬಿಟ್ಟಿದ್ದರು. ಊರಿನ ಮೂರರಲ್ಲಿ ಎರಡು ಪಾಲು ಅಗೆದಾಗಿದೆ. ಸಿಕ್ಕಿರುವ ದೇಹಗಳು ಸಾವಿರದ ಚಿಲ್ಲರೆ. ಊರಲ್ಲಿದ್ದವರು ಹತ್ತು ಹನ್ನೆರಡು ಸಾವಿರ. ಲೆಕ್ಕ ನೀವೇ ಹಾಕಿ.

ಹಾಗಾದರೆ ಎಲ್ಲರೂ ಸತ್ತರು ಎಂಬ ಮಾತು ಎಲ್ಲಿಂದ ಬಂತು? ಫೋಟೋಗಳಿಂದ. ದೇಹ ಕರಗಿ ಬೂದಿಯಲ್ಲಿ ಉಳಿದ ಪೊಳ್ಳಿಗೆ ಜಿಪ್ಸಮ್ ಗಾರೆ ಸುರಿದು ಅಚ್ಚು ತೆಗೆಯುವ ಉಪಾಯವನ್ನು ಅಲ್ಲಿನ ಅಗೆತದ ಮುಖ್ಯಸ್ಥ ಫಿಯೊರೆಲ್ಲಿ 1863ರಲ್ಲಿ ಬಳಕೆಗೆ ತಂದ. ಮುಖ ಮುಚ್ಚಿಕೊಂಡವರು, ಮುದುಡಿ ಮಲಗಿದವರು ನಮ್ಮ ಕಣ್ಣಿಗೆ ಕಟ್ಟಿಬಿಟ್ಟರು. ಓಡಿಹೋದವರ ಅಚ್ಚು ತೆಗೆಯಲು ಬರುವುದಿಲ್ಲವಲ್ಲ!

ಈಗ ನನಗೆ ಬಲು ಪ್ರಿಯವಾದ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದವಾದೀತು, ಕೇಳಿ.

ನೇಪಲ್ಸ್ ಕೊಲ್ಲಿಯ ಆಚೆ ಬದಿಯಲ್ಲಿ, ಬೆಟ್ಟದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ಮಿಸೆನಮ್ ಎಂಬ ನೌಕಾನೆಲೆ ಇತ್ತು. ಅದರ ದಂಡನಾಯಕ ಹಿರಿಯ ಪ್ಲಿನಿ, ದೊಡ್ಡ ವಿದ್ವಾಂಸ. ಅವನ ಜೊತೆ ತಂಗಿ ಮತ್ತು ತಂಗಿಯ ಮಗ. ಹುಡುಗನ ಹೆಸರೂ ಪ್ಲಿನಿ, ಕಿರಿಯ ಪ್ಲಿನಿ ಅನ್ನುತ್ತಾರೆ. ಅವನಿಗೆ ಹದಿನೇಳು ವರ್ಷ. ಊಟ ಮುಗಿಸಿ ಓದುತ್ತಾ ಮಲಗಿದ್ದ ಹಿರಿಯನಿಗೆ ತಂಗಿ ಬಂದು ಆಕಾಶ ತೋರಿಸಿದಳು: ಛತ್ರಿಯಂಥ ಪೈನ್ ಮರದ ಹಾಗೆ ಮೇಲೆದ್ದು ಹರಡಿದ ಮೋಡ. ಚಪ್ಪಲಿ ತನ್ನಿ ಅಂದ. ನೀನೂ ಬರುತ್ತೀಯಾ ಅಂತ ಸೋದರಳಿಯನನ್ನು ಕೇಳಿದ. ಇಲ್ಲ ಮಾವ, ನೀವೇ ಕೊಟ್ಟ ಬರವಣಿಗೆ ಇದೆ ಅಂದ ಹುಡುಗ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿದ್ದ ರೆಕ್ಟೀನಾ ಎಂಬಾಕೆಯಿಂದ, ಕಾಪಾಡಿ ಎಂದು ಚೀಟಿ ಬಂತು. ನೋಡಿ ಬರಲು ಹೊರಟಿದ್ದವನು ಜನರನ್ನು ಉಳಿಸಲು ದೊಡ್ಡ ಹಡಗುಗಳನ್ನೇ ಹೊರಡಿಸಿದ. ಎಲ್ಲರೂ ಓಡಿಬರುತ್ತಿದ್ದ ದಿಕ್ಕಿಗೆ ಅವನು ಹೋದ.

ಆ ದಡ ಸೇರಲಾಗಲಿಲ್ಲ. ಸ್ಟೇಬಿಯೆ ಎಂಬಲ್ಲಿ ಗೆಳೆಯ ಪೊಂಪೋನಿಯಾನಸ್‌ನ ಮನೆಗೆ ಹೋದ. ಹೆದರಿದವರಿಗೆ ಧೈರ್ಯ ಬರಲೆಂದು ಸ್ನಾನ ಮಾಡಿ, ಊಟ ಮಾಡಿ, ಗೊರಕೆ ಹೊಡೆದು ಮಲಗಿದ. ಅಂಗಳದಲ್ಲಿ ಬೂದಿ, ಕಲ್ಲು ಏರುತ್ತಾ ಇನ್ನೇನು ಕೋಣೆಯ ಬಾಗಿಲು ಮುಚ್ಚಿಹೋಗುವ ಹಾಗಾದಾಗ ಎಬ್ಬಿಸಿದರು. ತಲೆಗೆ ದಿಂಬು ಇಟ್ಟು ಬಟ್ಟೆಯಿಂದ ಬಿಗಿದುಕೊಂಡು ಎಲ್ಲರೂ ಹೊರಬಿದ್ದರು. ಸಮುದ್ರತೀರದಲ್ಲಿ ಅವನು ಹಾಸಿದ ಬಟ್ಟೆಯ ಮೇಲೆ ಮಲಗಿ ಎರಡು ಸಲ ತಣ್ಣೀರು ಕೇಳಿ ಕುಡಿದ. ಗಂಧಕದ ವಾಸನೆ ಬಂತು, ಉಳಿದವರು ಓಡಿದರು. ಇಬ್ಬರು ಆಳುಗಳ ಹೆಗಲು ಹಿಡಿದು ಎದ್ದವನು ಅಲ್ಲೇ ಕುಸಿದ.

ಇಲ್ಲಿ ಒಂದು ನಿಮಿಷ ನಿಲ್ಲಿ. ದಿಂಬು, ಗೊರಕೆ, ಎರಡು ಸಲ ಕೇಳಿದ ತಣ್ಣೀರು, ಇದನ್ನೆಲ್ಲ ಹುಡುಗನಿಗೆ ಹೇಳಿದವರು ಯಾರು? ಆ ರಾತ್ರಿ ಜೊತೆಗಿದ್ದವರು! ಅವರು ಓಡಿದ್ದರು, ಬದುಕಿದ್ದರು. ಪ್ಲಿನಿ ಸತ್ತ ಕಥೆಯನ್ನು ನೂರಾರು ಜನ ಬರೆದಿದ್ದಾರೆ. ಅದನ್ನು ಹೇಳಲು ಜನ ಉಳಿದಿದ್ದರು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಇತ್ತ ಮಿಸೆನಮ್‌ನಲ್ಲಿ ಹುಡುಗ ಮತ್ತು ತಾಯಿ. ರಾತ್ರಿಯೆಲ್ಲ ಭೂಮಿ ಅದುರಿತು. ಬೆಳಿಗ್ಗೆ ಊರು ಬಿಟ್ಟರು. ಚಕ್ರಕ್ಕೆ ಕಲ್ಲು ಕೊಟ್ಟರೂ ಬಂಡಿಗಳು ಸಮನೆಲದಲ್ಲಿ ಅತ್ತಿತ್ತ ಉರುಳುತ್ತಿದ್ದವು. ಸಮುದ್ರ ಹಿಂದೆ ಸರಿದು ಮೀನು, ಜಲಚರಗಳು ಮರಳಿನ ಮೇಲೆ ಬಿದ್ದಿದ್ದವು. ಕರಿಮೋಡ ನೆಲಕ್ಕೆ ಇಳಿದು ನೀರಿನ ಮೇಲೆ ಹರಿದು ಬಂತು. ತಾಯಿ ಅಂದಳು: ನೀನು ಚಿಕ್ಕವನು, ಓಡು. ನನಗೆ ವಯಸ್ಸಾಗಿದೆ, ಮೈಭಾರ. ನಿನ್ನ ಸಾವಿಗೆ ನಾನು ಕಾರಣವಾಗದಿದ್ದರೆ ನೆಮ್ಮದಿಯಿಂದ ಸಾಯುತ್ತೇನೆ. ಹುಡುಗ ತಾಯಿಯ ಕೈ ಬಿಗಿಯಾಗಿ ಹಿಡಿದ. ನೀನಿಲ್ಲದೆ ನಾನು ಉಳಿಯುವುದಿಲ್ಲ ಎಂದು ಎಳೆದುಕೊಂಡೇ ನಡೆದ. ಕತ್ತಲಲ್ಲಿ ಜನ ತುಳಿದುಬಿಟ್ಟಾರೆಂದು ದಾರಿ ಬಿಟ್ಟು ಪಕ್ಕಕ್ಕೆ ಕೂತರು. ಮುಚ್ಚಿದ ಕೋಣೆಯಲ್ಲಿ ದೀಪ ಆರಿಸಿದಂಥ ಕತ್ತಲು. ತಂದೆ ತಾಯಿಯನ್ನು, ಮಕ್ಕಳನ್ನು, ಗಂಡ ಹೆಂಡಿರನ್ನು ಕೂಗಿ ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. ಮೈಮೇಲೆ ಬೂದಿ ಬೀಳುತ್ತಲೇ ಇತ್ತು. ಹೂತುಹೋಗಬಾರದೆಂದು ತಾಯಿ ಮಗ ಮತ್ತೆ ಮತ್ತೆ ಎದ್ದು ನಿಂತು ಕೊಡವಿಕೊಂಡರು.

ಇಬ್ಬರೂ ಬದುಕಿದರು. ಸುಮಾರು ಇಪ್ಪತ್ತೈದು ವರ್ಷದ ಮೇಲೆ ಆ ಹುಡುಗ ಇತಿಹಾಸಕಾರ ಟ್ಯಾಸಿಟಸ್‌ನಿಗೆ ಎರಡು ಕಾಗದ ಬರೆದ. ಆ ದಿನವನ್ನು ಕಣ್ಣಾರೆ ಕಂಡವನ ಬರಹವೆಂದು ಉಳಿದಿರುವುದು ಅವೆರಡೇ.

ಅಯ್ಯೋ, ಗಡಿಯಾರ ನೋಡಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ತಪ್ಪಿಸಿಕೊಂಡವರು ಎಲ್ಲಿಗೆ ಹೋದರು? ಅಮೆರಿಕದ ಪ್ರಾಧ್ಯಾಪಕ ಸ್ಟೀವನ್ ಟಕ್ ಇದರ ಬೆನ್ನುಹತ್ತಿದರು. ಪಾಂಪೇಯಲ್ಲಿದ್ದ ಮನೆತನಗಳ ಹೆಸರುಗಳನ್ನು ಸುತ್ತಲ ಊರುಗಳ ಕಲ್ಲುಬರಹಗಳಲ್ಲಿ ಹುಡುಕಿದರು. ನೇಪಲ್ಸ್, ಕ್ಯುಮೆ, ಪುಟಿಯೋಲಿ, ಓಸ್ಟಿಯಾಗಳಲ್ಲಿ ಸಿಕ್ಕವು. ಪಾಂಪೇಯಲ್ಲಿ ಉಂಬ್ರಿಕಿಯಸ್ ಎಂಬ ಮನೆತನ ಗಾರಮ್ ಎಂಬ ಉಪ್ಪುಮೀನಿನ ರಸ ಮಾಡಿ ಮಾರುತ್ತಿತ್ತು. ತಮ್ಮ ಜಾಡಿಗಳ ಚಿತ್ರವನ್ನು ಮನೆಯ ನೆಲಕ್ಕೇ ಹಾಕಿಸಿಕೊಂಡ ಜನ. ಅದೇ ಹೆಸರಿನವರು ಆಮೇಲೆ ಪುಟಿಯೋಲಿಯಲ್ಲಿ ಕಾಣುತ್ತಾರೆ. ಅಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಪುಟಿಯೋಲಾನಸ್, ಅಂದರೆ ಆ ಊರಿನವನು.

ಚಕ್ರವರ್ತಿ ಟೈಟಸ್ ಪಟ್ಟಕ್ಕೆ ಬಂದು ಇನ್ನೂ ಕೆಲವೇ ತಿಂಗಳು. ಪರಿಹಾರಕ್ಕೆ ಅಧಿಕಾರಿಗಳನ್ನು ನೇಮಿಸಿದ. ವಾರಸುದಾರರಿಲ್ಲದೆ ಸತ್ತವರ ಆಸ್ತಿಯನ್ನು ನೊಂದ ಊರುಗಳನ್ನು ಕಟ್ಟಲು ಕೊಟ್ಟ. ಯಾರೂ ಉಳಿಯದಿದ್ದರೆ ಪರಿಹಾರ ಯಾರಿಗೆ?

ಪಾಂಪೇಯ ಒಂದು ಮನೆಯಲ್ಲಿ 1938ರಲ್ಲಿ ಸಿಕ್ಕ, ನಮ್ಮ ದೇಶದಲ್ಲಿ ಕೆತ್ತಿದ ದಂತದ ಹೆಣ್ಣಿನ ವಿಗ್ರಹದ ಬಗ್ಗೆ, ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಬಗ್ಗೆಯೂ ಹೇಳಬೇಕೆಂದಿದ್ದೆ. ಅದಕ್ಕೆ ಈಗ ಸಮಯವಿಲ್ಲ.

ಮಕ್ಕಳು ಆ ಕಂತು ನೋಡಲಿ. ನೋಡಿದ ಮೇಲೆ ಕಿರಿಯ ಪ್ಲಿನಿಯ ಪತ್ರಗಳ ಆರನೆಯ ಸಂಪುಟ ತೆಗೆಸಿ. ಹದಿನಾರನೆಯ ಪತ್ರದಲ್ಲಿ ಮಾವನ ಕಥೆ, ಇಪ್ಪತ್ತನೆಯದರಲ್ಲಿ ತಾಯಿ ಮಗನ ಕಥೆ. ಮೇಷ್ಟ್ರುಗಳು ಕೇಳುತ್ತಿದ್ದರೆ ದಯವಿಟ್ಟು ತರಗತಿಯಲ್ಲಿ ಇಪ್ಪತ್ತನೆಯದನ್ನೇ ಮೊದಲು ಓದಿಸಿ. ನಮಸ್ಕಾರ.