ಶೆಡ್ಡಿನವರು ಹೋದ ಮೇಲೆ ಆ ನಾಯಿಗಳು ಯಾರವು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಅಪಾರ್ಟ್‌ಮೆಂಟಿನವರು. ನಿಮ್ಮ ಸಂಘದ ಸಭೆಯಲ್ಲಿ ಬೀದಿನಾಯಿ ವಿಷಯ ಬಂದರೆ ಮಾತು ಜೋರಾಗುತ್ತದೆ, ಅಲ್ವಾ? ಆ ನಾಯಿಗಳು ನಿಮ್ಮ ಗೇಟಿನ ಮುಂದೆ ಹೇಗೆ ಬಂದವು ಅಂತ ಇವತ್ತು ಹೇಳುತ್ತೇನೆ.

ಬೆಂಗಳೂರಿನ ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಹೆಣ್ಣೂರು ಕಡೆ ಹೋಗಿ ನೋಡಿ. ದೊಡ್ಡ ಕಟ್ಟಡ ಏಳುತ್ತಿರುವ ಕಡೆ ಪಕ್ಕದಲ್ಲೇ ತಗಡಿನ ಶೆಡ್ಡುಗಳ ಸಾಲು ಇರುತ್ತದೆ. ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ, ಕಲಬುರಗಿಯವರು ಅಲ್ಲಿ ಇರುತ್ತಾರೆ. ಬಿಹಾರ, ಬಂಗಾಳ, ಒಡಿಶಾದವರೂ ಇರುತ್ತಾರೆ. ಕಟ್ಟಡ ಮುಗಿಯುವವರೆಗೆ ಮಾತ್ರ ಇರುವ ಊರು ಅದು. ಅಲ್ಲಿಗೆ ನಾಯಿಗಳು ತಾವಾಗಿಯೇ ಬಂದು ಸೇರುತ್ತವೆ.

ಸೆಂಟ್ರಿಂಗ್ ಶೀಟಿನ ರಾಶಿಯ ಕೆಳಗೆ ಮರಿ ಹಾಕಲು ಜಾಗ ಸಿಗುತ್ತದೆ. ಮರಳಿನ ಗುಡ್ಡೆಯಲ್ಲಿ ಗುಂಡಿ ತೋಡಿಕೊಂಡರೆ ಮಧ್ಯಾಹ್ನದ ಬಿಸಿಲಿಗೆ ತಂಪು. ಬೆಳಗಿನ ಅನ್ನ ಸಾರು, ರಾತ್ರಿ ಉಳಿದ ರೊಟ್ಟಿ ಅವುಗಳ ಪಾಲಿಗೆ ಬರುತ್ತದೆ. ಫ್ರಿಜ್ ಇಲ್ಲದ ಮನೆ, ಉಳಿದದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಉಳಿದದ್ದನ್ನಷ್ಟೇ ಹಾಕುತ್ತಾರೆ ಅಂದುಕೊಳ್ಳಬೇಡಿ. ಮರಿ ಹಾಕಿದ ನಾಯಿಗೆ ಅಂತಲೇ ಒಂದು ಹಿಡಿ ಅಕ್ಕಿ ಜಾಸ್ತಿ ಬೇಯಿಸುವ ಹೆಂಗಸರನ್ನು ನಾನು ನೋಡಿದ್ದೇನೆ. ದಿನಗೂಲಿಯಲ್ಲಿ ಅಕ್ಕಿ ಕೊಳ್ಳುವವರು ಅವರು.

ಅವರಿಗೂ ನಾಯಿ ಬೇಕು. ಬಯಲು ನೆಲ ಅಗೆದ ಕಡೆ ಹಾವು ಬರುತ್ತದೆ. ತಗಡಿನ ಬಾಗಿಲಿಗೆ ಸರಿಯಾದ ಚಿಲಕ ಇರುವುದಿಲ್ಲ. ರಾತ್ರಿ ದೂರದ ಶೌಚಾಲಯಕ್ಕೆ ಹೋಗುವ ಹೆಣ್ಣುಮಗಳ ಹಿಂದೆ ಒಂದು ನಾಯಿ ಹೊರಟರೆ ಅವಳಿಗೆ ಅದು ಎಷ್ಟು ಧೈರ್ಯ ಅನ್ನುವುದು ಬೀದಿದೀಪದ ಕೆಳಗೆ ಓಡಾಡುವ ನಮಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಕ್ಕಳಿಗೆ ಅದೇ ಜೊತೆ. ಕರಿಯ, ಕೆಂಚಿ, ರಾಜ ಅಂತ ಹೆಸರಿಡುತ್ತಾರೆ. ಅವು ಅಲ್ಲಿ ಬೀದಿನಾಯಿಗಳಲ್ಲ, ಆ ಸಾಲಿನ ನಾಯಿಗಳು.

ತೊಂದರೆ ಶುರುವಾಗುವುದು ಕಟ್ಟಡ ಮುಗಿದಾಗ. ಕಾರ್ಮಿಕರಿಗೆ ಮಾಲೀಕರು ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತು. ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಜಾಗ ಸರಿಮಾಡಬೇಕು ಅಂತಲೂ ಹೇಳಿತು. ಅಲ್ಲಿ ಬೆಳೆದ ನಾಯಿಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಮೇಸ್ತ್ರಿ ಹೇಳಿದ ದಿನ ಪಾತ್ರೆ, ಹಾಸಿಗೆ, ಮಕ್ಕಳನ್ನು ಲಾರಿಗೆ ಹತ್ತಿಸಿಕೊಂಡು ಹೋಗಬೇಕು. ನಾಯಿ ಉಳಿಯುತ್ತದೆ. ಆಮೇಲೆ ಗೃಹಪ್ರವೇಶ ಮಾಡಿ ಬಂದ ನಾವು, ಈ ನಾಯಿಗಳು ಎಲ್ಲಿಂದ ಬಂದವು ಅಂತ ಕೇಳುತ್ತೇವೆ. ಅವು ನಮಗಿಂತ ಮೊದಲೇ ಇದ್ದವು.

ಹಸಿವಾದ ನಾಯಿ ಡೆಲಿವರಿ ಹುಡುಗರ ಹಿಂದೆ ಓಡುತ್ತದೆ. ಆಗ ದೂರು, ಎಲ್ಲಿಗಾದರೂ ಬಿಟ್ಟು ಬನ್ನಿ ಅನ್ನುವ ಒತ್ತಾಯ. ಆದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿಯ ನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದರಲ್ಲಿ ಅರ್ಥವಿದೆ. ಒಂದು ಕಡೆಯ ನಾಯಿಗಳನ್ನು ಖಾಲಿ ಮಾಡಿದರೆ, ಅಲ್ಲಿ ಊಟ ಇರುವ ತನಕ ಲಸಿಕೆ ಇಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿವೆ ಅಂತ ಪಾಲಿಕೆ ಅಂದಾಜು ಮಾಡಿತ್ತು. 2023ರಲ್ಲಿ ಅದು 2.79 ಲಕ್ಷ. ಆಪರೇಷನ್ ನಿಧಾನವಾಗಿಯಾದರೂ ಕೆಲಸ ಮಾಡುತ್ತಿದೆ ಅಂತಲೇ ನಾನು ನಂಬುತ್ತೇನೆ.

ನನ್ನ ವಾದ ಇಷ್ಟೇ. ಶೆಡ್ಡಿನವರು ಇರುವಾಗಲೇ ಈ ಆಪರೇಷನ್, ಲಸಿಕೆ ಕೆಲಸ ಆಗಬೇಕು. ಹಿಡಿಯುವವರು ಬಲೆ ತಂದರೆ ನಾಯಿ ಓಡಿಹೋಗುತ್ತದೆ. ಅದೇ ನಾಯಿ, ಊಟ ಹಾಕುವ ಅಕ್ಕ ಕರೆದರೆ ಬಾಲ ಆಡಿಸಿಕೊಂಡು ಬರುತ್ತದೆ. ಯಾವ ನಾಯಿ ಬಸುರಿ, ಯಾವುದಕ್ಕೆ ಆಪರೇಷನ್ ಆಗಿದೆ ಅಂತ ಕಿವಿ ಕತ್ತರಿಸಿ ಗುರುತು ಮಾಡಿದೆ, ಎಲ್ಲವೂ ಅವರಿಗೆ ಗೊತ್ತು. ಅವರು ಲಾರಿ ಹತ್ತಿದ ಮೇಲೆ ಆ ಸಲುಗೆಯೂ ಹೋಗುತ್ತದೆ.

ಮಕ್ಕಳ ವಿಷಯ ಇನ್ನೂ ಮುಖ್ಯ. ಮರಿ ಪರಚಿದರೆ, ಸಣ್ಣಗೆ ಕಚ್ಚಿದರೆ ಮಕ್ಕಳು ಬೈಗುಳಕ್ಕೆ ಹೆದರಿ ಹೇಳುವುದಿಲ್ಲ. ಗೊತ್ತಾದರೂ ಒಂದು ದಿನದ ಕೂಲಿ ಹೋಗುತ್ತದೆ ಅಂತ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಖಾರದ ಪುಡಿ, ಸುಣ್ಣ ಏನೂ ಹಚ್ಚಬಾರದು. ಅದೇ ದಿನ ಇಂಜೆಕ್ಷನ್ ಶುರು ಮಾಡಿ, ಕೊನೆಯದರವರೆಗೂ ಬಿಡದೆ ಹಾಕಿಸಬೇಕು. ಇದನ್ನು ಕನ್ನಡ, ಹಿಂದಿ, ಬಂಗಾಳಿಯಲ್ಲಿ ಬರೆದು ಪ್ರತಿ ಶೆಡ್ಡಿನ ನಲ್ಲಿಯ ಹತ್ತಿರ ಅಂಟಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ?

ನಿಮ್ಮ ಪಕ್ಕದ ಸೈಟಿನಲ್ಲಿ ಈಗ ಪ್ಲಾಸ್ಟರಿಂಗ್ ನಡೆಯುತ್ತಿದೆ. ಅಂದರೆ ಶೆಡ್ಡು ಇನ್ನು ಕೆಲವು ತಿಂಗಳು ಮಾತ್ರ ಇರುತ್ತದೆ. ಈ ವಾರವೇ ಪಾಲಿಕೆಯ ಪಶುವೈದ್ಯರಿಗೆ ಪತ್ರ ಬರೆಯಿರಿ. ಬಿಲ್ಡರ್‌ಗೂ ಒಂದು ಪ್ರತಿ ಕೊಡಿ. ಊಟ ಹಾಕುವ ಹೆಂಗಸರ ಹತ್ತಿರ ನಾನು ಬಂದು ಮಾತಾಡುತ್ತೇನೆ, ನಿಮ್ಮಲ್ಲಿ ಇಬ್ಬರು ಜೊತೆಗೆ ಬನ್ನಿ. ಅವರು ಹೊರಟ ಮೇಲೆ ಊಟ ಎಲ್ಲಿ, ಎಷ್ಟು ಹೊತ್ತಿಗೆ ಹಾಕಬೇಕು ಅನ್ನುವುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟು ಇವುಗಳಿಂದ ದೂರ ಇರಲಿ ಅಂತ ಆ 2023ರ ನಿಯಮಗಳಲ್ಲೇ ಇದೆ. ಹಿಂದಿನ ಕಾಂಪೌಂಡಿನ ಪಕ್ಕ, ಟ್ರಾನ್ಸ್‌ಫಾರ್ಮರ್ ಆಚೆಗಿನ ಖಾಲಿ ಮೂಲೆ ನನಗೆ ಸರಿ ಅನ್ನಿಸಿತು. ಬೇಕಾದರೆ ಈಗಲೇ ಹೋಗಿ ನೋಡೋಣ.