ಹೆಗಲು ಸರಿಯಾಗಿ ಕೂರಲಿ

ನಮಸ್ಕಾರ. ನಮ್ಮಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೋರು. ಭಾನುವಾರ ಅನ್ನ ಬಸಿದ ಗಂಜಿಯನ್ನ ತೆಳ್ಳಗೆ ಮಾಡಿ ಸೋಸಿ, ವಾರದ ಕಾಟನ್ ಸೀರೆಗಳನ್ನ ಅದರಲ್ಲಿ ಅದ್ದಿ ನೆರಳಲ್ಲಿ ಹರವೋರು. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದು, ಅಂಚು ಎಳೆದು ಮಡಚ್ತಿದ್ವಿ. ಸೋಮವಾರ ಆ ಸೀರೆ ಉಟ್ಟು ಹೊರಟರೆ ಬೀದಿಯಲ್ಲಿ ಎದುರಾದವರು ನಿಂತು ನಮಸ್ಕಾರ ಹೇಳೋರು. ಮೂರ್ನಾಲ್ಕು ವರ್ಷ ಆದಮೇಲೆ ಅದೇ ಮನೆ ಸೀರೆ ಆಗೋದು. ಆಮೇಲೆ ಕೌದಿ.

ನೂಲು ಅದೇ, ನೇಯ್ಗೆ ಅದೇ. ಗಂಜಿ, ಇಸ್ತ್ರಿ, ಸೆರಗಿಗೊಂದು ಪಿನ್ನು ಇದ್ದರೆ ಶಾಲೆಗೆ, ಇಲ್ಲದಿದ್ದರೆ ಅಡುಗೆಮನೆಗೆ. ಮೈಗೆ ಹಿತವಾದ ಬಟ್ಟೆ ಬೇರೆ, ಕೆಲಸಕ್ಕೆ ಗೌರವ ತರೋ ಬಟ್ಟೆ ಬೇರೆ ಅನ್ನೋ ಮಾತು ನಮ್ಮನೇಲಿ ಇರಲೇ ಇಲ್ಲ.

ನಾನು ಅದನ್ನ ಮೊದಲು ಕೇಳಿದ್ದು ಬೆಂಗಳೂರಲ್ಲಿ, ಮೊದಲನೇ ಕೆಲಸದಲ್ಲಿ. ಕ್ಲೈಂಟ್ ಬರ್ತಾರೆ, ನಾಳೆ ಈ ಕುರ್ತಾ ಬೇಡ, ಫಾರ್ಮಲ್ಸ್ ಹಾಕ್ಕೊಂಡು ಬಾ ಅಂದರು ಆಫೀಸಿನವರು. ಸಂಜೆನೇ ಹೋಗಿ ಪಾಲಿಯೆಸ್ಟರ್ ಶರ್ಟು, ಪ್ಯಾಂಟು ತಂದೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಮೇಲೆ ಬಂದು ಮೀಟಿಂಗಲ್ಲಿ ಕೂತರೆ ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು. ನನ್ನ ಸರದಿ ಬಂದಾಗ ಅರ್ಧ ಗಮನ ಅದರ ಮೇಲೇ. ಆ ಅವಮಾನ ಬಹಳ ದಿನ ನನ್ನ ಜೊತೆ ಇತ್ತು.

ಎಷ್ಟೋ ವರ್ಷ ಆದಮೇಲೆ ಆ ಕುರ್ತಾದ ಫೋಟೋ ಸಿಕ್ತು. ನೋಡಿದೆ. ಹೆಗಲಿನ ಹೊಲಿಗೆ ತೋಳಿನ ಮೇಲೆ ಜಾರಿತ್ತು, ಕತ್ತು ಹಿಗ್ಗಿತ್ತು, ಕೆಳಗಿನ ಅಂಚು ಒಂದು ಕಡೆ ಇಳಿದಿತ್ತು. ಅವರು ದೂರಬೇಕಾಗಿದ್ದು ಹೊಲಿಗೆಯನ್ನ. ದೂರಿದ್ದು ಕುರ್ತಾವನ್ನ. ನಾನು ಈವತ್ತು ಹೇಳೋಕೆ ಬಂದಿರೋದು ಇಷ್ಟೇ: ನಿಮ್ಮ ಇಷ್ಟದ ಬಟ್ಟೆ ಬಿಡಬೇಡಿ, ಟೈಲರ್ ಹತ್ರ ತಗೊಂಡು ಹೋಗಿ.

ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಚರಕ ಅಂತ ಹೆಣ್ಣುಮಕ್ಕಳ ಸಹಕಾರಿ ಸಂಘ ಇದೆ. ಅಲ್ಲಿ ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕ್ತಾರೆ. ಅಡಿಕೆ ಬೇಯಿಸಿ ಉಳಿದ ಚೊಗರಿಂದ ಬರೋ ಕೆಂಪು-ಕಂದು ಬಣ್ಣ ಇದೆಯಲ್ಲ, ಯಾವ ಆಫೀಸಿಗಾದರೂ ಸಲ್ಲುತ್ತೆ. ಅಂಥದ್ದೊಂದು ಜುಬ್ಬಾ ತಂದಿರಿ ಅಂದ್ಕೊಳ್ಳಿ. ಮೊದಲು ಒಂದೆರಡು ಸಲ ತಣ್ಣೀರಲ್ಲಿ ಒಗೀರಿ, ಕಾಟನ್ ಕುಗ್ಗುತ್ತೆ. ಕುಗ್ಗಿದ ಮೇಲೇ ಅಳತೆ. ಹೆಗಲಿನ ಹೊಲಿಗೆ ಹೆಗಲ ಮೂಳೆ ಮೇಲೆ ಕೂರಬೇಕು. ಇದಕ್ಕೆ ತೋಳು ಬಿಚ್ಚಿ, ಕತ್ತರಿಸಿ, ಮತ್ತೆ ಕೂರಿಸಬೇಕು. ಟೈಲರ್ ಗೊಣಗ್ತಾರೆ, ನೀವು ಬಿಡಬೇಡಿ. ಇದೊಂದು ಸರಿಹೋದರೆ ಮಲಗೋ ಬಟ್ಟೆ ಥರ ಕಾಣೋದು ಅಲ್ಲಿಗೇ ನಿಲ್ಲುತ್ತೆ. ಕಾಲರ್ ಪಟ್ಟಿಗೆ ಒಳಗಡೆ ತೆಳುವಾದ ಕ್ಯಾನ್ವಾಸ್ ಹಾಕಿಸಿ, ಮಧ್ಯಾಹ್ನದ ಹೊತ್ತಿಗೆ ಮುದುರೋದಿಲ್ಲ. ಮಂಡಿ ತನಕ ಇದ್ದರೆ ಒಂದು ಗೇಣು ಕಮ್ಮಿ ಮಾಡಿಸಿ, ಪ್ಯಾಂಟಿನ ಜೊತೆ ಹೊಂದುತ್ತೆ.

ಎಲಾಸ್ಟಿಕ್ ಪ್ಯಾಂಟನ್ನೂ ಬಿಡಬೇಕಾಗಿಲ್ಲ. ಎಲಾಸ್ಟಿಕ್ ಹಿಂದುಗಡೆ ಮಾತ್ರ ಇರಲಿ, ಮುಂದೆ ಚಪ್ಪಟೆ ಪಟ್ಟಿ ಹೊಲಿಸಿ. ಕೂತಾಗ ಹೊಟ್ಟೆಗೆ ಹಿಂಸೆ ಇಲ್ಲ, ನಿಂತಾಗ ನೀಟಾಗಿ ಕಾಣುತ್ತೆ. ಟೀ ಶರ್ಟಾದರೆ ದಪ್ಪ ಕಾಟನ್, ಗಾಢ ಬಣ್ಣ, ಬರಹ ಇಲ್ಲದ್ದು. ಅಷ್ಟೇ.

ಇನ್ನು ಜೇಬು. ಹೆಣ್ಣುಮಕ್ಕಳ ಕುರ್ತಾದಲ್ಲಿ ಜೇಬಿಲ್ಲ ಅನ್ನೋದನ್ನ ನಾನು ಸಣ್ಣ ವಿಷಯ ಅಂತ ಒಪ್ಪೋದಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಐಡಿ ಕಾರ್ಡು, ಕಂಕುಳಲ್ಲಿ ಲ್ಯಾಪ್‌ಟಾಪು ಹಿಡ್ಕೊಂಡು ಮೀಟಿಂಗ್ ರೂಮಿನ ಬಾಗಿಲು ತೆಗೆಯೋದು ಎಷ್ಟು ಕಷ್ಟ ಅಂತ ಕೇಳಿ ನೋಡಿ. ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಚೀಲ ಕೂರಿಸಿದರೆ ಆಯ್ತು. ಫೋನು ಪೂರ್ತಿ ಮುಳುಗೋಷ್ಟು ಆಳ ಇರಲಿ ಅಂತ ಹೇಳಿ.

ನಿಯಮಗಳು ಸಡಿಲ ಆಗೇ ಇವೆ. ಜಪಾನಲ್ಲಿ 2005ರ ಬೇಸಿಗೆಗೆ ಸರ್ಕಾರನೇ ಕೂಲ್ ಬಿಜ್ ಶುರು ಮಾಡಿ, ಎಸಿ 28 ಡಿಗ್ರಿಗೆ ಇಡಿ, ಕೋಟು ಟೈ ಬಿಡಿ ಅಂತು. ನಮ್ಮ ಇನ್ಫೋಸಿಸ್ 2015ರಲ್ಲಿ ವಾರಪೂರ್ತಿ ಬಿಸಿನೆಸ್ ಕ್ಯಾಶುವಲ್‌ಗೆ, ಅಂದರೆ ಫಾರ್ಮಲ್ಸ್‌ಗಿಂತ ಸ್ವಲ್ಪ ಸಡಿಲವಾದ ಆಫೀಸ್ ಉಡುಪಿಗೆ, ಒಪ್ಪಿತು. ವಕೀಲರಿಗೂ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟರೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯ ಅಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು.

ಆದರೆ ನನಗೆ ಬೇಜಾರಾಗೋದು ಒಂದು ವಿಷಯಕ್ಕೆ. ಬಾಗಿಲು ತೆರೆದಾಗ ಜೀನ್ಸು ಒಳಗೆ ಬಂತು, ಟೀ ಶರ್ಟು ಬಂತು. ಜುಬ್ಬಾ, ಕೈಮಗ್ಗದ ಸೀರೆ ಮಾತ್ರ ಎತ್ನಿಕ್ ಡೇ ಬರಲಿ ಅಂತ ಹೊರಗೇ ಕಾಯ್ತಾ ನಿಂತಿವೆ. ಈ ಊರಿನ ಸೆಕೆಗೆ, ಈ ಊರಿನ ಮೈಗೆ ಅಂತಲೇ ನೇಯ್ದ ಬಟ್ಟೆ ವರ್ಷಕ್ಕೊಂದು ದಿನದ ವೇಷ ಆಗಬಾರದು.

ಒಂದು ವರ್ಷ ಆಫೀಸಲ್ಲಿ ರಾಜ್ಯೋತ್ಸವ ಮುಗಿದ ಮಾರನೇ ದಿನವೂ ನಾನು ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡ ಖಣದ ರವಿಕೆ ತೊಟ್ಟು ಹೋದೆ. ಈವತ್ತೇನು ವಿಶೇಷ ಅಂತ ಮೂರು ಜನ ಕೇಳಿದರು. ಹನ್ನೊಂದು ಗಂಟೆಗೆ ಬಜೆಟ್ ಮೀಟಿಂಗ್ ಇದೆ ಅಂದೆ.